ಹೆಸರು ಸಿಕ್ಕಿತು, ಆದರೆ ಮನುಷ್ಯ ಅವನೇನಾ?

ಪ್ರಶ್ನೆ: ನಮ್ಮ ತವರು ಮೈಸೂರು. ಮದುವೆಯಾದ ಮೇಲೆ ಹದಿನೇಳು ವರ್ಷದಿಂದ ವರ್ಜೀನಿಯಾದ ರಿಚ್ಮಂಡ್‌ನಲ್ಲಿದ್ದೇನೆ. ನನ್ನ ಯಜಮಾನರು ಅಮೆರಿಕದವರು. ಅವರ ಮನೆತನದ ಮೂಲಪುರುಷ ವಿಲಿಯಂ ಎನ್ನುವವನು 1660ರ ಸುಮಾರಿಗೆ ಇಂಗ್ಲೆಂಡಿನಿಂದ ನ್ಯೂ ಕೆಂಟ್ ಕೌಂಟಿಗೆ ಬಂದ ಎಂದು ಅವರ ಅಜ್ಜಿಯ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿದೆ. ಇಂಟರ್ನೆಟ್ಟಿನಲ್ಲಿ ಯಾರೋ ಹಾಕಿದ ವಂಶವೃಕ್ಷದಲ್ಲಿ ಆತ 'ಸರ್' ಬಿರುದಿದ್ದ ಒಬ್ಬ ನೈಟ್‌ನ ಮಗ, 1641ರಲ್ಲಿ ಇಂಗ್ಲೆಂಡಿನ ಒಂದು ಚರ್ಚಿನಲ್ಲಿ ದೀಕ್ಷಾಸ್ನಾನವಾಯಿತು ಅಂತ ಇದೆ. ಹದಿನಾಲ್ಕು ವರ್ಷದ ಮಗಳು ಕುಣಿದಾಡುತ್ತಿದ್ದಾಳೆ. ನನಗೆ ಮಾತ್ರ ಅನುಮಾನ. ಇದನ್ನು ಪರೀಕ್ಷಿಸುವುದು ಹೇಗೆ? ಚರ್ಚಿನ ಪುಸ್ತಕ, ಉಯಿಲು ಇವೆಲ್ಲ ಎಲ್ಲಿ ಸಿಗುತ್ತವೆ?

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. 1641ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ವಿಲಿಯಂ ಹುಟ್ಟಿದ, ಒಪ್ಪೋಣ. ವರ್ಜೀನಿಯಾದಲ್ಲೂ ಅದೇ ಹೆಸರಿನವನೊಬ್ಬ ಇದ್ದ, ಅದನ್ನೂ ಒಪ್ಪೋಣ. ಇಬ್ಬರ ನಡುವೆ ಅಟ್ಲಾಂಟಿಕ್ ಸಾಗರ ಇದೆ. ವೃಕ್ಷ ಬರೆದವರು ಹೆಸರೊಂದನ್ನೇ ಹಿಡಿದುಕೊಂಡು ಅದನ್ನು ದಾಟಿಬಿಟ್ಟಿದ್ದಾರೆ. ಹೆಸರು ಸಿಕ್ಕಿದರೆ ಮನುಷ್ಯ ಸಿಕ್ಕಿದ ಹಾಗಲ್ಲ.

ಮೊದಲು ಒಂದು ಕೆಲಸ ಮಾಡಿ. ಆ ಮಗುವನ್ನು ಇಂಗ್ಲೆಂಡಿನಲ್ಲೇ ಸಾಯಿಸಲು ಆಗುತ್ತದಾ ನೋಡಿ. ಕೇಳೋಕೆ ಕ್ರೂರ ಅನಿಸಬಹುದು, ಆದರೆ ಈ ಕಸುಬಿನಲ್ಲಿ ಇದೇ ಮೊದಲ ಪರೀಕ್ಷೆ. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಪ್ರದೇಶ. ದೀಕ್ಷಾಸ್ನಾನ ಬರೆದಿರುವ ಅದೇ ಪ್ಯಾರಿಷ್ ಪುಸ್ತಕದಲ್ಲಿ ಹೂಳಿದವರ ಪಟ್ಟಿಯೂ ಇರುತ್ತದೆ. ಆ ಕಾಲದಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಐದು ವರ್ಷ ದಾಟುತ್ತಿರಲಿಲ್ಲ. ಎರಡು ವರ್ಷ ಮುಂದಕ್ಕೆ ಹೋದರೆ 'ವಿಲಿಯಂ, ಇಂಥವರ ಮಗ, ಹೂಳಲಾಯಿತು' ಅಂತ ಒಂದು ಸಾಲು ಕಣ್ಣಿಗೆ ಬೀಳಬಹುದು. ಬಿತ್ತು ಅಂದರೆ ಕಥೆ ಮುಗಿಯಿತು. ಬೀಳದಿದ್ದರೆ ಅಪ್ಪನ ಉಯಿಲು ಹುಡುಕಿ. ಅದರಲ್ಲಿ ವಿಲಿಯಂ ಇಂಗ್ಲೆಂಡಿನಲ್ಲೇ ಹೊಲಮನೆ ಪಡೆದು ನೆಮ್ಮದಿಯಾಗಿದ್ದರೆ ವರ್ಜೀನಿಯಾಕ್ಕೆ ಬಂದವನು ಬೇರೆಯವನು.

ಒಂದು ಎಚ್ಚರಿಕೆ. ಇಂಗ್ಲೆಂಡಿನಲ್ಲಿ ಪ್ಯಾರಿಷ್ ಪುಸ್ತಕ ಇಡಬೇಕು ಅಂತ ಆಜ್ಞೆಯಾದದ್ದು 1538ರಲ್ಲಿ. ಆದರೆ 1642ರಲ್ಲಿ ಅಂತರ್ಯುದ್ಧ ಶುರುವಾಯಿತು, ಎಷ್ಟೋ ಊರುಗಳಲ್ಲಿ ಬರೆಯುವವರೇ ಇಲ್ಲದಂತಾಯಿತು. ನಿಮ್ಮ ಮಗು ಹುಟ್ಟಿದ್ದು ಸರಿಯಾಗಿ ಅದರ ಹಿಂದಿನ ವರ್ಷ. ಆದ್ದರಿಂದ ಹೂಳಿದ ದಾಖಲೆ ಸಿಗಲಿಲ್ಲ ಎಂದ ಮಾತ್ರಕ್ಕೆ ಮಗು ಬದುಕಿತ್ತು ಎಂದು ತೀರ್ಮಾನಿಸಬೇಡಿ.

ನೈಟ್ ಅಂದ ಕೂಡಲೇ ನನಗೆ ಜಾರ್ಜ್ ವಾಷಿಂಗ್ಟನ್ ನೆನಪಾಗುತ್ತಾರೆ. ನಿಮ್ಮ ಮಗಳಿಗೆ ಈ ಕಥೆ ಪೂರ್ತಿ ಹೇಳಿ. ಯಾಕೆಂದರೆ ಅಧ್ಯಕ್ಷರ ವಂಶವೃಕ್ಷದಲ್ಲೂ ಇದೇ ತಪ್ಪು ನುಗ್ಗಿತ್ತು.

ಅವರ ಮುತ್ತಜ್ಜ ಜಾನ್ ವಾಷಿಂಗ್ಟನ್ 1656-57ರಲ್ಲಿ ಒಂದು ವ್ಯಾಪಾರಿ ಹಡಗಿನಲ್ಲಿ ಕೆಲಸಕ್ಕಿದ್ದವನಾಗಿ ವರ್ಜೀನಿಯಾಕ್ಕೆ ಬಂದ. ಹಡಗು ಪೊಟೋಮ್ಯಾಕ್ ನದಿಯಲ್ಲಿ ಮರಳಿಗೆ ಸಿಕ್ಕಿತು, ಆತ ಇಲ್ಲೇ ನಿಂತ, ಮದುವೆಯಾದ, ವೆಸ್ಟ್‌ಮೋರ್‌ಲ್ಯಾಂಡ್ ಕೌಂಟಿಯಲ್ಲಿ ಜಮೀನು ಮಾಡಿದ. ಇಂಗ್ಲೆಂಡಿನಲ್ಲಿ ಯಾರ ಮಗ ಅನ್ನುವುದು ಜಾರ್ಜ್‌ಗೂ ಸರಿಯಾಗಿ ತಿಳಿದಿರಲಿಲ್ಲ. 1791ರಲ್ಲಿ ಲಂಡನ್ನಿನ ಸರ್ ಐಸಾಕ್ ಹರ್ಡ್ ಎಂಬ ಹಿರಿಯ ವಂಶಾವಳಿ ಅಧಿಕಾರಿ ಪತ್ರ ಬರೆದು ವಿಚಾರಿಸಿದ. 'ಇದರ ಕಡೆ ನಾನು ಅಷ್ಟಾಗಿ ಗಮನ ಕೊಟ್ಟವನಲ್ಲ' ಎಂಬರ್ಥದಲ್ಲಿ ಮರುವರ್ಷ ಉತ್ತರ ಹೋಯಿತು. ಪಾಪ, ದೇಶ ಕಟ್ಟುವ ಗಡಿಬಿಡಿ. ಹರ್ಡ್ ತನ್ನ ಪಾಡಿಗೆ ಹುಡುಕಿದ. ಸಲ್‌ಗ್ರೇವ್ ಎಂಬಲ್ಲಿನ ವಾಷಿಂಗ್ಟನ್ ಮನೆತನದಲ್ಲಿ ಜಾನ್ ಮತ್ತು ಲಾರೆನ್ಸ್ ಅಂತ ಅಣ್ಣತಮ್ಮ ಸಿಕ್ಕಿದರು. ವರ್ಜೀನಿಯಾಕ್ಕೆ ಬಂದವರೂ ಜಾನ್ ಮತ್ತು ಲಾರೆನ್ಸ್. ಇವರೇ ಅವರು ಅಂದುಕೊಂಡ. ಜನ ಅದನ್ನೇ ಎಪ್ಪತ್ತು ವರ್ಷ ನಂಬಿದರು.

1866ರಲ್ಲಿ ಜೋಸೆಫ್ ಚೆಸ್ಟರ್ ಎಂಬ ಅಮೆರಿಕನ್ ಲಂಡನ್ನಿನಲ್ಲಿ ಕೂತು ಇದನ್ನು ಒಡೆದುಹಾಕಿದ. ಆ ಜಾನ್ ಒಬ್ಬ ನೈಟ್. ಸರ್ ಜಾನ್ ಆಗಿ ಥ್ರ್ಯಾಪ್‌ಸ್ಟನ್ನಿನಲ್ಲಿ ಬಾಳಿ, 1668ರಲ್ಲಿ ಇಂಗ್ಲೆಂಡಿನಲ್ಲೇ ತೀರಿಕೊಂಡವನು. ಅವನ ತಮ್ಮ ಲಾರೆನ್ಸ್ ಪಾದ್ರಿ. ಇಬ್ಬರೂ ಸಮುದ್ರ ದಾಟಿದವರಲ್ಲ. ಹೆಸರು ಕೂಡಿಬಂತು, ತಮ್ಮನ ಹೆಸರೂ ಕೂಡಿಬಂತು, ಮನುಷ್ಯರು ಮಾತ್ರ ಬೇರೆ.

ಹಾಗಾದರೆ ನಿಜವಾದ ಜಾನ್ ಯಾರು? ಅದಕ್ಕೆ 1889ರವರೆಗೆ ಕಾಯಬೇಕಾಯಿತು. ಹೆನ್ರಿ ವಾಟರ್ಸ್ ಎಂಬ ಇನ್ನೊಬ್ಬ ಸಂಶೋಧಕ ಲಂಡನ್ನಿನ ಉಯಿಲುಗಳನ್ನು ಒಂದೊಂದಾಗಿ ಓದುತ್ತಾ ಹೋದ. ಹರ್ಟ್‌ಫೋರ್ಡ್‌ಶೈರ್‌ನ ಟ್ರಿಂಗ್ ಎಂಬ ಊರಿನ ಆಂಡ್ರ್ಯೂ ನೋಲಿಂಗ್ ಅನ್ನುವವನ ಉಯಿಲು ಕೈಗೆ ಬಂತು. ವಾಷಿಂಗ್ಟನ್ ಅನ್ನುವ ಹೆಸರೇ ಅವನದಲ್ಲ. ಆದರೆ ಒಳಗೆ ನೋಡಿದರೆ, ತಾನು ಗಾಡ್‌ಫಾದರ್ ಆಗಿದ್ದ ಹುಡುಗ ಕಿರಿಯ ಲಾರೆನ್ಸ್ ವಾಷಿಂಗ್ಟನ್‌ಗೆ ಜಮೀನು ಬರೆದಿದ್ದಾನೆ. ಆ ಹುಡುಗನ ತಾಯಿ ಆಂಫಿಲಿಸ್‌ಗೂ, ಜಾನ್, ವಿಲಿಯಂ, ಎಲಿಜಬೆತ್, ಮಾರ್ಗರೆಟ್, ಮಾರ್ಥಾ ಎಂಬ ಉಳಿದ ಮಕ್ಕಳಿಗೂ ದುಡ್ಡು ಬರೆದಿದ್ದಾನೆ. ಟ್ರಿಂಗ್ ಚರ್ಚಿನ ಪುಸ್ತಕ ತೆಗೆದರೆ 1635ರಲ್ಲಿ ಲಾರೆನ್ಸನ ದೀಕ್ಷಾಸ್ನಾನ ಇದೆ. ಆಂಫಿಲಿಸ್ ತೀರಿಕೊಂಡ ಮೇಲೆ ಅವಳ ಆಸ್ತಿ ನೋಡಿಕೊಳ್ಳುವ ಅಧಿಕಾರ ಮಗ ಜಾನ್‌ಗೆ ಸಿಕ್ಕ ದಾಖಲೆಯೂ ಇದೆ. ಇತ್ತ ವರ್ಜೀನಿಯಾದಲ್ಲಿ 1675ರಲ್ಲಿ ಜಾನ್ ಬರೆದ ಉಯಿಲಿನಲ್ಲಿ ತಂಗಿ ಮಾರ್ಥಾ ಬರುತ್ತಾಳೆ. ಅವಳನ್ನು ಇಂಗ್ಲೆಂಡಿನಿಂದ ಕರೆಸಿಕೊಂಡ ಹಡಗಿನ ಖರ್ಚಿನ ಸಾಲ ಬಿಟ್ಟುಕೊಟ್ಟು, ಇಂಗ್ಲೆಂಡಿನಲ್ಲಿರುವ ತನ್ನ ಹಣದಲ್ಲಿ ಹತ್ತು ಪೌಂಡ್, ಮೇಲೆ ನಾಲ್ಕು ಸಾವಿರ ಪೌಂಡ್ ಹೊಗೆಸೊಪ್ಪು ಕೊಡಿ ಅನ್ನುತ್ತಾನೆ. ಈ ಎರಡು 'ಪೌಂಡ್'ಗಳಲ್ಲಿ ಮೊದಲನೆಯದು ದುಡ್ಡು, ಎರಡನೆಯದು ತೂಕ. ವರ್ಜೀನಿಯಾದಲ್ಲಿ ಹೊಗೆಸೊಪ್ಪೇ ನಾಣ್ಯ. ಇದನ್ನು ಕಲಸಿಕೊಂಡು ಅಜ್ಜನನ್ನು ಕೋಟ್ಯಧೀಶ ಮಾಡಿದವರನ್ನು ನಾನು ನೋಡಿದ್ದೇನೆ.

ಮಜಾ ಏನು ಗೊತ್ತಾ? ವರ್ಜೀನಿಯಾದ ಜಾನ್ ಆ ನೈಟ್‌ನ ತಮ್ಮನ ಮಗ. ಹರ್ಡ್ ಹಿಡಿದ ಪಾದ್ರಿ ಲಾರೆನ್ಸ್ ಇದ್ದನಲ್ಲ, ಅವನೇ ಅಪ್ಪ. ಅಂದರೆ ಒಂದು ತಲೆಮಾರು ತಪ್ಪಿತ್ತು. ನಿಮ್ಮ ವಿಲಿಯಂ ವಿಷಯದಲ್ಲೂ ಹೀಗಾಗಬಹುದು, ಏನೂ ಸಂಬಂಧ ಇಲ್ಲದೆಯೂ ಇರಬಹುದು. ಇಲ್ಲಿ ಗಮನಿಸಬೇಕಾದ್ದು ಇಷ್ಟೆ: ಗಂಟು ಬಿಚ್ಚಿದ್ದು ಜಾನ್‌ನ ಹುಟ್ಟಿನ ದಾಖಲೆಯಲ್ಲ. ಬೇರೆ ಹೆಸರಿನ ಮುದುಕನೊಬ್ಬನ ಉಯಿಲು, ತಮ್ಮನ ದೀಕ್ಷಾಸ್ನಾನ, ಅಮ್ಮನ ಆಸ್ತಿ, ತಂಗಿಯ ಹೊಗೆಸೊಪ್ಪು. ಪ್ಯಾರಿಷ್ ಪುಸ್ತಕ ಒಂದು ಹೆಸರು, ಒಂದು ದಿನ ಕೊಡುತ್ತದೆ. ಯಾರಿಗೆ ಯಾರು ಏನಾಗಬೇಕು ಅನ್ನುವುದನ್ನು ಹೇಳುವುದು ಉಯಿಲು.

ನೋಲಿಂಗ್ ತನ್ನ ಉಯಿಲಿನಲ್ಲಿ ಆಂಫಿಲಿಸ್‌ಳನ್ನು ಕರೆಯುವುದು 'ಡಾಟರ್ ಇನ್ ಲಾ' ಅಂತ. ಈಗಿನ ಅರ್ಥದಲ್ಲಿ ಸೊಸೆ. ಆದರೆ ಅವಳು ಅವನ ಹೆಂಡತಿಗೆ ಮೊದಲ ಗಂಡನಿಂದ ಹುಟ್ಟಿದ ಮಗಳು, ಮಲಮಗಳು. ಆ ಕಾಲದ ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ಮಾತು. ಹಾಗೆಯೇ 'ಕಸಿನ್' ಅಂದರೆ ಅಣ್ಣನ ಮಗನೂ ಆಗಬಹುದು. 'ಆರ್ಫನ್' ಅಂದರೆ ಅಪ್ಪ ತೀರಿಕೊಂಡ ಮಗು, ತಾಯಿ ಪಕ್ಕದಲ್ಲೇ ಗಟ್ಟಿಮುಟ್ಟಾಗಿ ಇದ್ದಿರಬಹುದು. 'ಇನ್‌ಫಂಟ್' ಅಂದರೆ ತೊಟ್ಟಿಲ ಕೂಸಲ್ಲ, ಇಪ್ಪತ್ತೊಂದು ತುಂಬದ ಯಾರೇ ಆಗಲಿ. 'ನನ್ನ ಈಗಿನ ಹೆಂಡತಿ' ಅಂತ ಬರೆದಿದ್ದರೆ ಹಿಂದೊಬ್ಬಳಿದ್ದಳು ಅಂತಲ್ಲ, ಮುಂದೆ ಇನ್ನೊಬ್ಬಳು ಬಂದರೆ ಅವಳಿಗೆ ಇದು ಸೇರದಿರಲಿ ಅನ್ನುವ ವಕೀಲಿ ಮಾತು. ದೊಡ್ಡಪ್ಪ, ಚಿಕ್ಕಪ್ಪ, ಮಾವ, ಸೋದರಮಾವ ಅಂತ ಬಿಡಿಬಿಡಿಯಾಗಿ ಹೇಳುವ ನಮಗೆ ಇವರ ಬಡತನ ನೋಡಿ ಬೇಜಾರಾಗುತ್ತದೆ.

ನಾನೇ ಬಿದ್ದ ಗುಂಡಿ 'ಜೂನಿಯರ್'. ಒಬ್ಬರ ಮನೆತನ ಹುಡುಕುವಾಗ ಒಂದೇ ಹೆಸರಿನ ಸೀನಿಯರ್, ಜೂನಿಯರ್ ಸಿಕ್ಕಿದರು. ಅಪ್ಪ ಮಗ ಅಂದುಕೊಂಡು ಎಂಟು ತಿಂಗಳು ಕೆಲಸ ಮಾಡಿದೆ. ಕೊನೆಗೆ ಒಂದು ಜಮೀನಿನ ಪತ್ರದಲ್ಲಿ ಗೊತ್ತಾಯಿತು, ಅವರು ಚಿಕ್ಕಪ್ಪ ಮತ್ತು ಅಣ್ಣನ ಮಗ. ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ವಯಸ್ಸಾದವನು ಸೀನಿಯರ್, ಅಷ್ಟೇ. ನಮ್ಮ ಹಳ್ಳಿಯಲ್ಲಿ ದೊಡ್ಡ ನಂಜಪ್ಪ, ಸಣ್ಣ ನಂಜಪ್ಪ ಅನ್ನುವುದಿಲ್ವಾ, ಹಾಗೆ. ಹಿರಿಯವನು ತೀರಿಕೊಂಡ ಮರುದಿನದಿಂದ ಜೂನಿಯರೇ ಸೀನಿಯರ್ ಆಗಿಬಿಡುತ್ತಾನೆ, ಅದು ಬೇರೆ ತಲೆನೋವು.

ಈಗ ನಿಮ್ಮ ನ್ಯೂ ಕೆಂಟ್‌ಗೆ ಬರೋಣ. ಬೇಜಾರಿನ ಸುದ್ದಿ ಮೊದಲು. ವರ್ಜೀನಿಯಾದಲ್ಲಿ ಉಯಿಲು ದಾಖಲಾಗುತ್ತಿದ್ದದ್ದು ಕೌಂಟಿ ಕೋರ್ಟಿನಲ್ಲಿ. ನ್ಯೂ ಕೆಂಟ್ ಕೋರ್ಟಿನ ಕಾಗದ ಸುಟ್ಟುಹೋಗಿವೆ. 1787ರಲ್ಲಿ ಜಾನ್ ಪ್ರೈಸ್ ಪೋಸಿ ಎಂಬವನು ಜೈಲಿಗೂ ಕ್ಲರ್ಕ್ ಕಚೇರಿಗೂ ಬೆಂಕಿ ಇಟ್ಟ. 1788ರಲ್ಲಿ ಅವನನ್ನು ಗಲ್ಲಿಗೇರಿಸಿದರು, ಆದರೆ ಕಾಗದ ವಾಪಸ್ ಬರಲಿಲ್ಲ. ಅದಾದ ಮೇಲಿನ ದಾಖಲೆಗಳು ಅಮೆರಿಕದ ಅಂತರ್ಯುದ್ಧದ ಕೊನೆಗೆ, 1865ರ ಏಪ್ರಿಲ್‌ನಲ್ಲಿ ನಿಮ್ಮ ರಿಚ್ಮಂಡ್ ಹೊತ್ತಿ ಉರಿದಾಗ ಹೋದವು. ಪಕ್ಕದ ಹ್ಯಾನೋವರ್ ಕೌಂಟಿಯವರು ಯುದ್ಧಕಾಲದಲ್ಲಿ ಭದ್ರವಾಗಿರಲಿ ಅಂತ ತಮ್ಮ ಪುಸ್ತಕಗಳನ್ನು ರಿಚ್ಮಂಡ್‌ಗೆ ಕಳಿಸಿದ್ದರು. ಅವೂ ಹೆಚ್ಚಿನವು ಅದೇ ಬೆಂಕಿಗೆ ಹೋದವು.

ಹಾಗಂತ ಕೈಚೆಲ್ಲಬೇಡಿ. ಕೋರ್ಟು ಸುಟ್ಟಿತು, ಚರ್ಚು ಉಳಿಯಿತು. ನ್ಯೂ ಕೆಂಟ್‌ನ ಸೇಂಟ್ ಪೀಟರ್ಸ್ ಪ್ಯಾರಿಷ್‌ನ ಹಳೇ ಪುಸ್ತಕಗಳು 1680ರ ದಶಕದಿಂದ ಇವೆ, ಅಚ್ಚಾಗಿಯೂ ಬಂದಿವೆ. ಅದರಲ್ಲಿ ಎರಡು ಥರದ್ದು ಉಂಟು. ಒಂದು ರಿಜಿಸ್ಟರ್: ಹುಟ್ಟು, ದೀಕ್ಷಾಸ್ನಾನ, ಸಾವು. ಹಳೇ ನಮೂದುಗಳಲ್ಲಿ ಎಷ್ಟೋ ಸಲ ಅಪ್ಪನ ಹೆಸರು ಮಾತ್ರ, ತಾಯಿ ಇಲ್ಲವೇ ಇಲ್ಲ. ಇನ್ನೊಂದು ವೆಸ್ಟ್ರಿ ಪುಸ್ತಕ. ವೆಸ್ಟ್ರಿ ಅಂದರೆ ಪ್ಯಾರಿಷ್ ನಡೆಸುವ ಹನ್ನೆರಡು ಜನ ಯಜಮಾನರ ಕೂಟ. ಜನ ರಿಜಿಸ್ಟರ್ ನೋಡಿ ಮುಚ್ಚಿಡುತ್ತಾರೆ. ನಾನು ಹೇಳುವುದು, ವೆಸ್ಟ್ರಿ ಪುಸ್ತಕವನ್ನು ಸಾಲುಸಾಲು ಓದಿ.

ಯಾಕೆಂದರೆ ಆಗ ಚರ್ಚು ಬರೀ ಪ್ರಾರ್ಥನೆಯ ಜಾಗವಲ್ಲ, ಅರ್ಧ ಸರ್ಕಾರ. ಪಾದ್ರಿಗೆ ವರ್ಷಕ್ಕೆ 16,000 ಪೌಂಡ್ ಹೊಗೆಸೊಪ್ಪು ಸಂಬಳ ಅಂತ 1696ರ ಕಾನೂನು. ಅದನ್ನು ಊರಿನವರಿಂದ ವಸೂಲಿ ಮಾಡುವುದು ವೆಸ್ಟ್ರಿ. ಕುರುಡು ಮುದುಕಿಯನ್ನು ಸಾಕಿದವನಿಗೆ ಇಷ್ಟು, ತಬ್ಬಲಿ ಹುಡುಗನನ್ನು ಕಸುಬಿಗೆ ಹಚ್ಚಿದ್ದಕ್ಕೆ ಇಷ್ಟು ಅಂತ ಲೆಕ್ಕ ಬರೆಯುವುದೂ ವೆಸ್ಟ್ರಿ. ಎಲ್ಲಕ್ಕಿಂತ ಬೆಲೆ ಬಾಳುವುದು 'ಪ್ರೊಸೆಷನಿಂಗ್'. ಅಂದರೆ ಜಮೀನಿನ ಎಲ್ಲೆ ಸುತ್ತುವುದು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅಕ್ಕಪಕ್ಕದ ರೈತರು ಒಟ್ಟಿಗೆ ಹೋಗಿ, ಎಲ್ಲೆಯ ಮರಗಳ ಮೇಲಿನ ಕೊಡಲಿ ಗುರುತು ಮಾಸಿದ್ದರೆ ಮತ್ತೆ ಕೆತ್ತಿ ಬರುತ್ತಿದ್ದರು. ಯಾರ ಯಾರ ಜಮೀನು ಒಂದು ಗುಂಪಿಗೆ ಸೇರಿದೆ ಅಂತ ಪುಸ್ತಕದಲ್ಲಿ ಪಟ್ಟಿ. ಆ ಪಟ್ಟಿಯಲ್ಲಿ ನಿಮ್ಮ ವಿಲಿಯಂ ಇದ್ದರೆ ಅವನ ನೆರೆಹೊರೆ ಪೂರ್ತಿ ನಿಮ್ಮ ಕೈಗೆ ಬಂತು. ಎಂಟು ವರ್ಷದ ನಂತರದ ಪಟ್ಟಿಯಲ್ಲಿ ಅದೇ ನೆರೆಯವರ ನಡುವೆ ವಿಲಿಯಂ ಜಾಗದಲ್ಲಿ 'ವಿಧವೆ' ಅಂತಿದ್ದರೆ, ಅಥವಾ ಇನ್ನೊಂದು ಗಂಡು ಹೆಸರು ಬಂದಿದ್ದರೆ, ಉಯಿಲು ಸುಟ್ಟುಹೋದರೂ ಅದರಲ್ಲಿ ಏನಿತ್ತು ಅನ್ನುವುದು ಅರ್ಧ ತಿಳಿದ ಹಾಗೆ. ಮೈಸೂರು ಕಡೆಯವರಿಗೆ ಹೆಳವರು ಗೊತ್ತಿರುತ್ತಾರೆ, ಎತ್ತಿನ ಮೇಲೆ ಬಂದು ಮನೆತನದ ಹೆಸರು ಹೇಳುವವರು. ವೆಸ್ಟ್ರಿಯ ಗುಮಾಸ್ತನಿಗೆ ವಂಶ ಹೇಳುವ ಉದ್ದೇಶವೇನೂ ಇರಲಿಲ್ಲ, ಆದರೂ ಹೇಳಿಬಿಟ್ಟಿದ್ದಾನೆ.

ಆಮೇಲೆ ಒಂದು ಸೂಕ್ಷ್ಮ. ಮನುಷ್ಯ ಕೂತಲ್ಲೇ ಕೂತಿರುತ್ತಾನೆ, ಪ್ಯಾರಿಷ್ ಕದಲುತ್ತದೆ. ನ್ಯೂ ಕೆಂಟ್ ಕೌಂಟಿ ಯಾರ್ಕ್‌ನಿಂದ ಬೇರೆಯಾದದ್ದು 1654ರಲ್ಲಿ. ಸೇಂಟ್ ಪೀಟರ್ಸ್ ಪ್ಯಾರಿಷ್ ಬ್ಲಿಸ್‌ಲ್ಯಾಂಡ್ ಪ್ಯಾರಿಷ್‌ನಿಂದ ಒಡೆದದ್ದು 1679ರಲ್ಲಿ. 1704ರಲ್ಲಿ ಅದರಿಂದ ಸೇಂಟ್ ಪಾಲ್ಸ್ ಹುಟ್ಟಿತು, 1720ರಲ್ಲಿ ಆ ಭಾಗ ಹ್ಯಾನೋವರ್ ಕೌಂಟಿಯಾಯಿತು. ಅಂದರೆ ಒಂದೇ ಹೊಲದಲ್ಲಿ ಉತ್ತುಕೊಂಡಿದ್ದ ಅಪ್ಪ, ಮಗ, ಮೊಮ್ಮಗ ಮೂರು ಪ್ಯಾರಿಷ್ ಪುಸ್ತಕದಲ್ಲಿ ಹಂಚಿಹೋಗಿರಬಹುದು. ವಿಲಿಯಂ ಸೇಂಟ್ ಪೀಟರ್ಸ್‌ನಿಂದ 1704ರಲ್ಲಿ ಮಾಯವಾದರೆ ಸತ್ತ ಅಂತ ಬರೆದುಕೊಳ್ಳಬೇಡಿ. ಸೇಂಟ್ ಪಾಲ್ಸ್‌ನ ವೆಸ್ಟ್ರಿ ಪುಸ್ತಕ 1706ರಿಂದ ಇದೆ, ಅದನ್ನು ತೆಗೆಯಿರಿ. ಅದೃಷ್ಟಕ್ಕೆ 1704ರ ಭೂಕಂದಾಯದ ಪಟ್ಟಿಯಲ್ಲಿ ನ್ಯೂ ಕೆಂಟ್ ಕೂಡ ಉಳಿದಿದೆ: ಹೆಸರು, ಪಕ್ಕದಲ್ಲಿ ಎಕರೆ.

ನೀವು 1660ರಿಂದ ಶುರು ಮಾಡಲು ಹೊರಟಿದ್ದೀರಿ. ದಯವಿಟ್ಟು ಬೇಡ. ನಿಮ್ಮ ಯಜಮಾನರಿಂದ ಶುರು ಮಾಡಿ, ಒಂದೊಂದು ತಲೆಮಾರು ಹಿಂದಕ್ಕೆ ಹೋಗಿ. 1700ರ ನಂತರ ಈ ಕಡೆಯ ಕುಟುಂಬಗಳು ಪಶ್ಚಿಮಕ್ಕೆ, ಗೂಚ್‌ಲ್ಯಾಂಡ್, ಲೂಯಿಸಾ, ಆಲ್ಬೆಮಾರ್ಲ್ ಕೌಂಟಿಗಳಿಗೆ ಹರಡಿದವು. ಅಲ್ಲಿನ ಉಯಿಲು, ಜಮೀನು ಪತ್ರಗಳು ಚೆನ್ನಾಗಿ ಉಳಿದಿವೆ. ಸುಟ್ಟ ಕೌಂಟಿಯ ಅಜ್ಜನನ್ನು ಸುಡದ ಕೌಂಟಿಯ ಮೊಮ್ಮಗನ ಕಾಗದದಲ್ಲಿ ಹುಡುಕಬೇಕು. ಮೊಮ್ಮಗ ಜಮೀನು ಮಾರುವಾಗ 'ನ್ಯೂ ಕೆಂಟ್‌ನ ನನ್ನ ತಂದೆ ಇಂಥವರು ಬಿಟ್ಟುಹೋದದ್ದು' ಅಂತ ಅರ್ಧ ಸಾಲು ಬರೆಸಿರುತ್ತಾನೆ. ಆ ಅರ್ಧ ಸಾಲಿಗಾಗಿಯೇ ಇಡೀ ಪುಸ್ತಕ ಓದುವುದು. ಗೂಚ್‌ಲ್ಯಾಂಡ್‌ಗೆ ಹೋದವರಾದರೆ ವಿಲಿಯಂ ಡಗ್ಲಸ್ ಎಂಬ ಪಾದ್ರಿ 1750ರಿಂದ 1797ರವರೆಗೆ ಬರೆದಿಟ್ಟ ರಿಜಿಸ್ಟರ್ ಇದೆ. ಪುಣ್ಯಾತ್ಮ ತಾಯಿಯ ತವರಿನ ಹೆಸರನ್ನೂ ಬರೆಯುತ್ತಿದ್ದ.

ಉಯಿಲು ಸಿಕ್ಕಾಗ ಅದರಲ್ಲಿ ಹಿರಿಮಗ ಇಲ್ಲದಿದ್ದರೆ ಗಾಬರಿಯಾಗಬೇಡಿ. ಉಯಿಲು ಬರೆಯದೆ ಸತ್ತರೆ ಜಮೀನೆಲ್ಲ ಹಿರಿಮಗನಿಗೆ ಅನ್ನುವ ಪದ್ಧತಿ ವರ್ಜೀನಿಯಾದಲ್ಲಿ ಇತ್ತು, ಅದನ್ನು ತೆಗೆದದ್ದು 1785ರ ಕಾನೂನು. ಆದ್ದರಿಂದ ಅವನ ಪಾಲು ಹೇಳದೆಯೇ ತೀರ್ಮಾನ, ಅಥವಾ ಮೊದಲೇ ಕೊಟ್ಟಾಗಿದೆ. ಉಳಿದ ಮಕ್ಕಳಿಗಾಗಿಯೇ ಉಯಿಲು. ಒಂದು ಶಿಲ್ಲಿಂಗ್ ಮಾತ್ರ ಬರೆದಿದ್ದರೂ ಸಿಟ್ಟು ಅಂತಲೇ ಅಲ್ಲ, ನಿನ್ನ ಪಾಲು ಮುಗಿದಿದೆ ಅಂತಲೂ ಇರಬಹುದು.

ಉಯಿಲಿನ ಹಿಂದೆಯೇ ಬರುವ ಆಸ್ತಿಪಟ್ಟಿ ನನಗೆ ಉಯಿಲಿಗಿಂತ ಇಷ್ಟ. ಕೋರ್ಟು ನೇಮಿಸಿದ ಮೂರು ನಾಲ್ಕು ನೆರೆಯವರು ಪ್ರಮಾಣ ಮಾಡಿ, ಸತ್ತವನ ಮನೆಯೊಳಗೆ ಕೋಣೆಯಿಂದ ಕೋಣೆಗೆ ಹೋಗಿ, ಕಂಡದ್ದಕ್ಕೆಲ್ಲ ಬೆಲೆ ಕಟ್ಟುತ್ತಿದ್ದರು. ಹಕ್ಕಿಗರಿ ತುಂಬಿದ ಹಾಸಿಗೆ ಒಂದು, ಎಷ್ಟೋ ಮನೆಗಳಲ್ಲಿ ಪೀಠೋಪಕರಣದಲ್ಲೆಲ್ಲ ಬೆಲೆ ಜಾಸ್ತಿ ಅದಕ್ಕೇ. ಕಬ್ಬಿಣದ ಪಾತ್ರೆ ಎರಡು. ತವರದ ತಟ್ಟೆಗಳು, ತೂಕದ ಲೆಕ್ಕದಲ್ಲಿ. ಕೆಟ್ಟುನಿಂತ ಹಳೇ ಬಂದೂಕು. 'ಹಳೇ ಪುಸ್ತಕಗಳ ಒಂದು ಕಟ್ಟು', ಯಾವ ಪುಸ್ತಕ ಅಂತ ಬರೆಯದೆ ನಮ್ಮನ್ನು ಹೊಟ್ಟೆ ಉರಿಸುತ್ತಾರೆ. ಬೆಲೆ ಕಟ್ಟಿದವರ ಸಹಿ ಗುರುತು ಹಾಕಿಕೊಳ್ಳಿ. ಹೆಂಡತಿಯ ತಮ್ಮ, ಅಳಿಯ ಅದರಲ್ಲಿ ಇರುವುದು ಸಾಮಾನ್ಯ.

ಅದೇ ಪಟ್ಟಿಯಲ್ಲಿ, ದನ ಮತ್ತು ಹಾಸಿಗೆಗಳ ನಡುವೆ, ಮನುಷ್ಯರ ಹೆಸರೂ ಬೆಲೆಯೂ ಇರುತ್ತದೆ. ಗುಲಾಮರಾಗಿ ಇಟ್ಟುಕೊಂಡಿದ್ದ ಆಫ್ರಿಕಾ ಮೂಲದ ಜನ. ಹೆಚ್ಚಿನವರಿಗೆ ಅಡ್ಡಹೆಸರೂ ಬರೆದಿರುವುದಿಲ್ಲ, ಒಂದೇ ಒಂದು ಹೆಸರು, ಪಕ್ಕದಲ್ಲಿ ಪೌಂಡ್. ಮಗಳಿಗೆ ಇದನ್ನು ಹಾರಿಸಿ ಓದಿಸಬೇಡಿ. ಇವತ್ತು ತಮ್ಮ ಮೂಲ ಹುಡುಕುತ್ತಿರುವ ಎಷ್ಟೋ ಕಪ್ಪು ಅಮೆರಿಕನ್ನರಿಗೆ ಅವರ ಅಜ್ಜಿಯ ಹೆಸರು ಸಿಗುವ ಏಕೈಕ ಕಾಗದ ಇಂಥದ್ದೇ. ನೀವು ಪಟ್ಟಿ ನಕಲು ಮಾಡುವಾಗ ಆ ಹೆಸರುಗಳನ್ನೂ ಪೂರ್ತಿ ನಕಲು ಮಾಡಿಕೊಳ್ಳಿ. ಯಾರಿಗಾದರೂ ಬೇಕಾಗುತ್ತವೆ.

ತಾರೀಖಿನ ವಿಷಯ ಬೇಗ ಹೇಳಿಬಿಡುತ್ತೇನೆ. 1752ರವರೆಗೆ ಇಂಗ್ಲೆಂಡಿಗೂ ಅದರ ವಸಾಹತುಗಳಿಗೂ ಹೊಸವರ್ಷ ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಹಾಗಾಗಿ 1641ರ ಫೆಬ್ರವರಿ ಅಂತ ಬರೆದಿದ್ದರೆ ಈಗಿನ ಲೆಕ್ಕದಲ್ಲಿ ಅದು 1642. ಜಾಣ ಗುಮಾಸ್ತರು 1641/2 ಅಂತ ಬರೆಯುತ್ತಿದ್ದರು. ಜಾರ್ಜ್ ವಾಷಿಂಗ್ಟನ್ ಹುಟ್ಟು ಅವರ ಮನೆಯ ಬೈಬಲ್‌ನಲ್ಲಿ 1731/2ರ ಫೆಬ್ರವರಿ 11 ಅಂತಿದೆ, ಇವತ್ತು ಆಚರಿಸುವುದು 22. ಆ ಹನ್ನೊಂದು ದಿನ 1752ರ ಸೆಪ್ಟೆಂಬರ್‌ನಲ್ಲಿ ಕತ್ತರಿಸಿ ಹಾಕಿದ್ದು. ಇದನ್ನು ಮರೆತರೆ ತಮ್ಮ ಅಣ್ಣನಿಗಿಂತ ಮೊದಲು ಹುಟ್ಟಿಬಿಡುತ್ತಾನೆ. ಇನ್ನು ಬರಹದಲ್ಲಿ 'ಜೆ-ಎನ್-ಒ' ಅಂತ ಕಂಡರೆ ಅದು ಜಾನ್, ಜೋನಥನ್ ಅಲ್ಲ.

ಸಾಗರ ದಾಟುವ ಕೆಲಸ ಕೊನೆಗೆ. ವಿಲಿಯಂ ಎಷ್ಟು ಜನರನ್ನು ಕರೆತಂದ, ತಲೆಗೆ ಐವತ್ತು ಎಕರೆಯಂತೆ ಎಷ್ಟು ಜಮೀನು ಪಡೆದ ಅನ್ನುವ ಪೇಟೆಂಟ್ (ಸರ್ಕಾರ ಜಮೀನು ಕೊಟ್ಟ ಪತ್ರ) ಪುಸ್ತಕಗಳು ಬೆಂಕಿಗೆ ಸಿಕ್ಕಿಲ್ಲ, ವರ್ಜೀನಿಯಾ ರಾಜ್ಯ ಗ್ರಂಥಾಲಯದಲ್ಲಿವೆ, ಆನ್‌ಲೈನ್‌ನಲ್ಲೂ ಚಿತ್ರ ಸಿಗುತ್ತದೆ. ಆದರೆ ಪೇಟೆಂಟ್ ಸಿಕ್ಕ ವರ್ಷವೇ ಬಂದ ವರ್ಷ ಅಂದುಕೊಳ್ಳಬೇಡಿ, ಹತ್ತು ವರ್ಷ ತಡವಾಗಿ ಕೇಳಿದವರೂ ಇದ್ದಾರೆ. ಇಂಗ್ಲೆಂಡಿನಲ್ಲಿ ಆಸ್ತಿ ಇಟ್ಟುಕೊಂಡು ವಸಾಹತಿನಲ್ಲಿ ಸತ್ತವರ ಉಯಿಲು ಲಂಡನ್ನಿನ ಕ್ಯಾಂಟರ್ಬರಿ ಪ್ರಿರಾಗೆಟಿವ್ ಕೋರ್ಟಿಗೆ ಹೋಗುತ್ತಿತ್ತು. 1858ರವರೆಗಿನ ಆ ಪ್ರತಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಸೂಚಿಯನ್ನು ಮನೆಯಿಂದಲೇ ಹುಡುಕಬಹುದು. ವಿಲಿಯಂ ಹೆಸರೊಂದೇ ಹುಡುಕಬೇಡಿ. ಅವನ ನ್ಯೂ ಕೆಂಟ್ ನೆರೆಯವರ ಹೆಸರುಗಳನ್ನೂ ಹಾಕಿ ನೋಡಿ. ಒಂದೇ ಊರಿನವರು ಒಟ್ಟಿಗೆ ಬರುವುದು ಆಗಲೂ ಇತ್ತು. ಮೂವರು ನೆರೆಯವರು ಇಂಗ್ಲೆಂಡಿನ ಒಂದೇ ಜಿಲ್ಲೆಯವರಾಗಿದ್ದರೆ ವಿಲಿಯಂನ ಊರನ್ನೂ ಆ ಸುತ್ತಲೇ ಮೊದಲು ಹುಡುಕಿ. ಆ ನೈಟ್‌ನ ಊರು ಅಲ್ಲಿಂದ ಎಷ್ಟು ದೂರ ಅಂತ ಆಗ ಮಗಳೇ ಹೇಳುತ್ತಾಳೆ.

ನೀವು ರಿಚ್ಮಂಡ್‌ನಲ್ಲೇ ಇದ್ದೀರಿ, ರಾಜ್ಯ ಗ್ರಂಥಾಲಯ ಬ್ರಾಡ್ ಸ್ಟ್ರೀಟ್‌ನಲ್ಲಿದೆ. ಮಗಳನ್ನೂ ಕರೆದುಕೊಂಡು ಹೋಗಿ. ಹಳೇ ಕಾಗದ ಇರುವ ಕೋಣೆಗೆ ಪೆನ್ನು ಬೇಡ, ಪೆನ್ಸಿಲ್ ಇರಲಿ. ಮೊದಲ ದಿನ ಸೇಂಟ್ ಪೀಟರ್ಸ್‌ನ ವೆಸ್ಟ್ರಿ ಪುಸ್ತಕದ ಅಚ್ಚಾದ ಪ್ರತಿ ಮಾತ್ರ ಕೇಳಿ ಪಡೆಯಿರಿ, ಎಲ್ಲೆ ಸುತ್ತಿದ ಪಟ್ಟಿಗಳನ್ನು ವರ್ಷದ ಸಮೇತ ಬರೆದುಕೊಳ್ಳಿ. ಅಜ್ಜಿಯ ನೋಟ್‌ಬುಕ್ಕನ್ನೂ ಪುಟಪುಟ ಫೋಟೋ ತೆಗೆದಿಡಿ. ಅಂಥ ಪುಸ್ತಕದಲ್ಲಿ ಹೆಸರುಗಳು ನಿಜವಾಗಿ, ವರ್ಷಗಳು ಮಾತ್ರ ತಪ್ಪಾಗಿರುವುದು ನನ್ನ ಅನುಭವದಲ್ಲಿ ಜಾಸ್ತಿ. ನೆರೆಯವರ ಪಟ್ಟಿ ಸಿಕ್ಕಿದರೆ ನನಗೆ ಕಳಿಸಿ, ಮುಂದಿನದು ಅಲ್ಲಿಂದ ನೋಡೋಣ.